ಪುಯೆಬ್ಲಾ ಫೈಲಿನಲ್ಲಿ ಬಿಟ್ಟ ಸಾಲು

ಕುವೈತಿನ ಮಿರ್ಕಾಬ್ ಬಡಾವಣೆಯ ಒಂದು ಟ್ರಾವೆಲ್ ಆಫೀಸಿನಲ್ಲಿ ಆಶಾಲತಾಳ ಮೇಜಿನ ಮೇಲೆ ಒಂದು ಟೈಲ್ ಇದೆ. ಅಂಗೈ ಅಗಲ, ಹಾಲಿನಂಥ ಬಿಳಿ ಮೈ, ಅದರ ಮೇಲೆ ನೀಲಿ ಬಳ್ಳಿ. ಮೆಕ್ಸಿಕೋ ದೇಶದ ಪುಯೆಬ್ಲಾ ಎಂಬ ಹಳೆಯ ನಗರದಿಂದ ಬಂದದ್ದು. ಅಲ್ಲಿ ಮನೆಯ ಗೋಡೆಗೆ, ಇಗರ್ಜಿಯ ಗುಮ್ಮಟಕ್ಕೆ, ಅಡುಗೆಮನೆಯ ಕಟ್ಟೆಗೆ ಇಂಥ ಟೈಲನ್ನೇ ಹಚ್ಚುತ್ತಾರಂತೆ. ಆಶಾಲತಾ ದಿನಾ ಬೆಳಿಗ್ಗೆ ದುಪಟ್ಟಾದ ತುದಿಯಿಂದ ಅದನ್ನು ಒರೆಸಿ, ಕಂಪ್ಯೂಟರಿನ ಎಡಗಡೆಗೆ ಇಟ್ಟು, ಆಮೇಲೆ ಕೆಲಸ ಶುರುಮಾಡುತ್ತಾಳೆ. ಅಶ್ಮಿತಾ ಎಂಬ ಹುಡುಗಿ ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ತನ್ನ ಕಡಕ್ ಚಾದ ಕಪ್ಪನ್ನು ತಂದು ಸೀದಾ ಆ ಟೈಲಿನ ಮೇಲೆ ಇಟ್ಟಳು. ಕಪ್ಪಿಡಲಿಕ್ಕೆ ಚಂದ ಉಂಟು ಎಂದೂ ಹೇಳಿದಳು.

ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು ಎಂದರೆ ಆಶಾಲತಾಳಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅದು ಬರೀ ಸಿಟ್ಟು. ಕಪ್ಪನ್ನು ಎತ್ತಿ ಪಕ್ಕಕ್ಕಿಟ್ಟು, ಉಂಗುರದ ಹಾಗೆ ಬಿದ್ದ ಚಾದ ಕಲೆಯನ್ನು ಉಜ್ಜಿ ತೆಗೆದಳು, ಅಷ್ಟೇ. ಹೊಟ್ಟೆಕಿಚ್ಚಿಗೆ ಇನ್ನೂ ಎಂಟು ತಿಂಗಳು ಬೇಕಾಯಿತು.

ಆಶಾಲತಾ ಪಡುಬಿದ್ರಿಯವಳು. ಇಪ್ಪತ್ತೆರಡನೇ ವಯಸ್ಸಿಗೆ ಕುವೈತಿಗೆ ಬಂದಳು, ಈಗ ಐವತ್ತು. ಬಂದದ್ದು ಸಲ್ವಾ ಬಡಾವಣೆಯ ಒಂದು ಮನೆಗೆ, ಮಗು ನೋಡಿಕೊಳ್ಳುವ ಕೆಲಸಕ್ಕೆ. ಮಗುವಿಗೆ ಆಗ ನಲವತ್ತು ದಿನ, ಹೆಸರು ನೂರಾ. ಆ ಮನೆಯ ಯಜಮಾನಿಯನ್ನು ಎಲ್ಲ ಕೆಲಸದವರೂ ಕರೆಯುವ ಹಾಗೆ ಇವಳೂ ಮಾಮಾ ಎಂದು ಕರೆದಳು. ಮಾಮಾಳಿಗೆ ಆಶಾಲತಾ ಎನ್ನಲು ನಾಲಗೆ ಹೊರಳಲಿಲ್ಲ. ಎರಡು ದಿನ ಪ್ರಯತ್ನಪಟ್ಟು ಮೂರನೆಯ ದಿನ ಆಯಿಶಾ ಎಂದುಬಿಟ್ಟಳು. ಹದಿಮೂರು ವರ್ಷ ಇವಳು ಆ ಮನೆಯಲ್ಲಿ ಆಯಿಶಾ. ಯಾವ ಊರು ಎಂದು ಬಂದವರು ಕೇಳಿದರೆ ಮಾಮಾ ಇವಳ ಪರವಾಗಿ ಮಲಬಾರಿ, ಅಂದರೆ ಕೇರಳದವಳು, ಎಂದು ಉತ್ತರಿಸುತ್ತಿದ್ದಳು. ಅಲ್ಲ, ಮಂಗಳೂರಿನ ಕಡೆ, ಅದು ಬೇರೆ ಇದು ಬೇರೆ ಎಂದು ಇವಳು ಹರಕು ಅರಬ್ಬಿಯಲ್ಲಿ ಹೇಳಿದರೆ, ಹೌದು ಹೌದು, ಮಲಬಾರ್ ಎಂದು ಅವರು ತಲೆಯಾಡಿಸುತ್ತಿದ್ದರು. ಪಡುಬಿದ್ರಿಯ ಹುಡುಗಿಗೆ ಅದು ಎಷ್ಟು ಉರಿಯುತ್ತಿತ್ತು ಎಂದು ಪಡುಬಿದ್ರಿಯವರೇ ಬಲ್ಲರು.

ಮಕ್ಕಳು ದೊಡ್ಡವರಾದ ಮೇಲೆ ಮಾಮಾಳ ತಮ್ಮ ತನ್ನ ಟ್ರಾವೆಲ್ ಆಫೀಸಿಗೆ ಇವಳನ್ನು ಕೇಳಿದ. ಇಕಾಮಾ ಎಂಬ ವಾಸದ ಪರವಾನಗಿ ಬದಲಾಯಿತು, ಸಲ್ವಾದ ಅಡುಗೆಮನೆಯಿಂದ ಮಿರ್ಕಾಬಿನ ನಾಲ್ಕನೇ ಮಹಡಿಗೆ ಬಂದಳು. ಮೊದಲು ಜೆರಾಕ್ಸ್, ಆಮೇಲೆ ಪಾಸ್‌ಪೋರ್ಟುಗಳ ಪಟ್ಟಿ, ಆಮೇಲೆ ಪಕ್ಕದವರ ಹೆಗಲ ಮೇಲಿಂದ ನೋಡಿ ನೋಡಿ ಕಲಿತ ಟಿಕೆಟಿಂಗು. ಕೊನೆಗೆ ಫೈಲ್ ಮಾಡುವ ಕೆಲಸ ಇವಳ ಪಾಲಿಗೇ ಬಂತು. ಪ್ರವಾಸ ಹೋಗುವ ಕುಟುಂಬಕ್ಕೆ ಯಾವ ದಿನ ಎಲ್ಲಿ, ಏನು ನೋಡಬೇಕು, ಎಲ್ಲಿ ಉಣ್ಣಬೇಕು, ಎಲ್ಲಿ ಚಪ್ಪಲಿ ಕಳಚಬೇಕು ಎಂದು ಬರೆದುಕೊಡುವುದೇ ಫೈಲ್ ಮಾಡುವುದು. ಮೂವತ್ತು ದೇಶಗಳ ಫೈಲ್ ಮಾಡಿದ್ದಾಳೆ. ಇವಳು ಕಂಡ ದೇಶಗಳು ಎರಡು. ಒಂದರಲ್ಲಿ ಹುಟ್ಟಿದಳು, ಇನ್ನೊಂದರಲ್ಲಿ ದುಡಿಯುತ್ತಿದ್ದಾಳೆ. ಇಬ್ಬರು ತಂಗಿಯರ ಮದುವೆ ಮಾಡಿಸಿದಳು, ತನ್ನದು ಆಗಲಿಲ್ಲ. ಅದರ ಬಗ್ಗೆ ಅವಳಿಗೆ ದೊಡ್ಡ ದುಃಖವೇನೂ ಇದ್ದಂತೆ ಕಾಣುವುದಿಲ್ಲ.

ಪುಯೆಬ್ಲಾ ಅವಳ ಬಾಳಿನೊಳಗೆ ಬಂದದ್ದು ನೂರಾಳ ಮದುವೆಯಿಂದ. ಏಳು ವರ್ಷದ ಹಿಂದೆ ನೂರಾ ಗಂಡನ ಜೊತೆ ಮೆಕ್ಸಿಕೋಗೆ ಹೋಗುತ್ತೇನೆ ಎಂದು ಹಟ ಹಿಡಿದಳು, ಫೈಲನ್ನು ಆಯಿಶಾಳೇ ಮಾಡಬೇಕು ಎಂದಳು. ಆಶಾಲತಾಳಿಗೆ ಬಂದ ಮೊದಲ ಚಿಂತೆ, ಈ ಹುಡುಗಿ ಅಲ್ಲಿ ತಿನ್ನುವುದೇನು ಎಂದು. ಚಿಕ್ಕಂದಿನಲ್ಲಿ ನೂರಾ ಶವರ್ಮಾ ಒಂದು ಬಿಟ್ಟು ಬೇರೆ ಏನಿಟ್ಟರೂ ತುಟಿ ಬಿಗಿಯುತ್ತಿದ್ದಳು. ಹುಡುಕುತ್ತಾ ಹೋದಾಗ ಪುಯೆಬ್ಲಾದಲ್ಲಿ ಟಾಕೋ ಅರಬ್ ಎಂಬ ತಿಂಡಿ ಉಂಟೆಂದು ಗೊತ್ತಾಯಿತು. ನೂರು ವರ್ಷದ ಹಿಂದೆ ಇರಾಕ್, ಲೆಬನಾನ್ ಕಡೆಯಿಂದ ಹೊರಟವರು ಆ ಊರಿಗೆ ಹೋಗಿ ನೆಲೆಸಿ, ನೆಟ್ಟಗೆ ನಿಲ್ಲಿಸಿದ ಸರಳಿನಲ್ಲಿ ಮಾಂಸ ಸುಟ್ಟು, ರೊಟ್ಟಿಯಲ್ಲಿ ಸುತ್ತಿ ಮಾರಿದರಂತೆ. ಸಾಕ್ಷಾತ್ ಶವರ್ಮಾ. ಆಶಾಲತಾ ಖುಷಿಯಿಂದ ಬರೆದೂ ಆಗಿತ್ತು. ಅನುಮಾನ ಬಂದು ಇನ್ನೊಮ್ಮೆ ಓದಿದರೆ, ಅದು ಹಂದಿಮಾಂಸ. ಆವತ್ತು ಅವಳು ಫೈಲಿನಲ್ಲಿ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆ ಹಾಕಿದಳು: ಟಾಕೋ ಅರಬ್ ಅರಬ್ಬರದ್ದಲ್ಲ, ಹೆಸರು ನೋಡಿ ನಂಬಬೇಡಿ. ಈ ಒಂದು ಸಾಲಿನಿಂದ ಅವಳ ಹೆಸರು ಸಂಜೆ ಗಂಡಸರು ಕೂತು ಹರಟುವ ಸಲ್ವಾದ ದಿವಾನಿಯಾಗಳವರೆಗೆ ಹೋಯಿತು. ಮಲಬಾರಿ ಆಯಿಶಾ ಮಾಡಿದ ಫೈಲಿದ್ದರೆ ಕಣ್ಣುಮುಚ್ಚಿ ಹೋಗಬಹುದು ಎಂದು ಗಂಡಸರು ಮಾತಾಡಿಕೊಂಡರು. ತಿರುಗಿ ಬಂದ ನೂರಾ ಈ ನೀಲಿ ಬಳ್ಳಿಯ ಟೈಲನ್ನು ತಂದುಕೊಟ್ಟಳು.

ನೂರಾ ಬಂದಾಯಿತು, ಆಶಾಲತಾ ಮಾತ್ರ ಪುಯೆಬ್ಲಾದಿಂದ ವಾಪಸಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಬುತ್ತಿಯ ಮುಚ್ಚಳ ತೆಗೆದಿಟ್ಟು, ಮೌಸ್ ಹಿಡಿದು ಕಂಪ್ಯೂಟರಿನ ನಕ್ಷೆಯಲ್ಲಿ ಆ ಊರಿನ ಬೀದಿ ಬೀದಿ ಸುತ್ತುವ ಅಭ್ಯಾಸವಾಯಿತು. ಐನೂರು ವರ್ಷದ ಹಿಂದೆ ಸ್ಪೇನಿನವರು ಕಟ್ಟಿದ ಊರು. ಬಿಷಪ್ಪನ ಕನಸಿನಲ್ಲಿ ದೇವದೂತರು ಬಂದು ಹಗ್ಗ ಎಳೆದು ಬೀದಿಗಳನ್ನು ಅಳೆದುಕೊಟ್ಟರು ಎಂದು ಅಲ್ಲಿಯವರ ಕತೆ. ದೇವದೂತರು ಅಳೆದದ್ದಕ್ಕೇ ಇರಬೇಕು, ಬೀದಿಗಳು ಚೌಕಾಬಾರದ ಮನೆಯಂತೆ ನೇರ. ಚಿನ್ನದ ರೇಕು ಹೊದಿಸಿದ ಪ್ರಾರ್ಥನಾ ಮಂದಿರ ಎಲ್ಲಿದೆ, ನಾನೂರು ವರ್ಷದಷ್ಟು ಹಳೆಯ ಪುಸ್ತಕಶಾಲೆಯ ಮರದ ಕಪಾಟು ಎಷ್ಟು ಅಂತಸ್ತು, ಗೆಣಸಿನ ಮಿಠಾಯಿ ಮಾರುವ ಬೀದಿಯ ಕೊನೆಗೆ ಯಾವ ತಿರುವು, ಪೋಪೋ ಎಂಬ ಬೆಂಕಿಮಲೆ ಯಾವ ಮೂಲೆಯಲ್ಲಿ ನಿಂತರೆ ಕಾಣುತ್ತದೆ, ಎಲ್ಲ ಅವಳಿಗೆ ಕಣ್ಣಿಗೆ ಕಟ್ಟಿದೆ. ಪಕ್ಕದ ಚೊಲುಲಾದಲ್ಲಿ ಹಳೇ ಕಾಲದವರ ದೊಡ್ಡ ಪಿರಮಿಡ್ಡು ಗುಡ್ಡವಾಗಿ ಬಿದ್ದಿತ್ತು, ಅದರ ತಲೆಯ ಮೇಲೆ ಸ್ಪೇನಿನವರು ಇಗರ್ಜಿ ಕಟ್ಟಿದರು. ಅದನ್ನು ಓದಿದಾಗ ಅವಳಿಗೆ ಸಿಟ್ಟು ಬಂದಿತ್ತು. ಕಪ್ಪೆಗಳ ಓಣಿ ಎಂಬಲ್ಲಿ ಹಳೇ ಸಾಮಾನಿನ ಅಂಗಡಿಯ ಮುಂದೆ ಒಂದು ಕಂದು ನಾಯಿ ಮಲಗಿದೆ. ಏಳು ವರ್ಷದಿಂದ ಮಲಗಿಯೇ ಇದೆ, ನಕ್ಷೆಯ ಫೋಟೋ ಬದಲಾಗಿಲ್ಲ. ಆಶಾಲತಾ ಆ ಬೀದಿಗೆ ಹೋದಾಗಲೆಲ್ಲ ಅದನ್ನು ನೋಡಿಯೇ ಮುಂದೆ ಹೋಗುತ್ತಾಳೆ.

ಹಾಗೆ ಸುತ್ತುವಾಗಲೇ ಅವಳಿಗೆ ಹಳೇ ಕಾಲದ ಒಬ್ಬ ಹುಡುಗಿ ಸಿಕ್ಕಿದ್ದು. ಚೀನಾ ಪೊಬ್ಲಾನಾ, ಅಂದರೆ ಪುಯೆಬ್ಲಾದ ಚೀನಾ ಹೆಣ್ಣು. ಮೆಕ್ಸಿಕೋದ ಗೊಂಬೆಗಳು, ಕ್ಯಾಲೆಂಡರುಗಳು, ಮಿರಿಮಿರಿ ಮಿಂಚುವ ಲಂಗ ಎಲ್ಲದಕ್ಕೂ ಆ ಹೆಸರು. ಆ ಲಂಗಕ್ಕೂ ಅವಳಿಗೂ ನಂಟು ಉಂಟೋ ಇಲ್ಲವೋ ಎಂದು ಪಂಡಿತರು ಈಗಲೂ ಜಗಳಾಡುತ್ತಾರೆ. ಆದರೆ ಹೆಂಗಸು ಇದ್ದದ್ದು ನಿಜ. ಅವಳು ಚೀನಾದವಳಲ್ಲವೇ ಅಲ್ಲ, ನಮ್ಮ ದೇಶದವಳು. ನಾನೂರು ವರ್ಷದ ಹಿಂದೆ ಮಿರ್ರಾ ಎಂಬ ಆ ಹುಡುಗಿಯನ್ನು ನಮ್ಮ ಪಡುಕರಾವಳಿಯಲ್ಲಿ ಪರಂಗಿ ಕಳ್ಳರು ಹಿಡಿದರು, ಕೊಚ್ಚಿಯಲ್ಲಿ ಜ್ಞಾನಸ್ನಾನ ಮಾಡಿಸಿ ಕತರೀನಾ ಎಂದು ಹೆಸರಿಟ್ಟರು, ಮನಿಲಾದಲ್ಲಿ ಮಾರಿದರು, ಅಲ್ಲಿಂದ ಹಡಗಿನಲ್ಲಿ ಮೆಕ್ಸಿಕೋಗೆ ಸಾಗಿಸಿದರು. ಪುಯೆಬ್ಲಾದ ಒಬ್ಬ ಕಪ್ತಾನನ ಮನೆಯಲ್ಲಿ ಕೆಲಸದವಳಾಗಿ ಬಾಳಿದಳು. ಪೂರ್ವದಿಕ್ಕಿನಿಂದ ಬಂದವರೆಲ್ಲ ಅಲ್ಲಿಯ ಜನರಿಗೆ ಚೀನಾದವರೇ. ಅವಳ ಭಕ್ತಿ ನೋಡಿ ಸಾಯುವ ಹೊತ್ತಿಗೆ ಊರಿಗೆ ಊರೇ ಸಂತಳೆಂದು ಕೈಮುಗಿಯಿತು, ಆಮೇಲೆ ದೊಡ್ಡ ಪಾದ್ರಿಗಳು ಅವಳ ಪಟ ಇಟ್ಟುಕೊಳ್ಳಬಾರದೆಂದು ಕಟ್ಟು ಮಾಡಿದರು. ಲಾ ಕೊಂಪಾನಿಯಾ ಎಂಬ ಇಗರ್ಜಿಯಲ್ಲಿ ಅವಳ ಸಮಾಧಿ ಇದೆ ಎನ್ನುತ್ತಾರೆ.

ಸಲ್ವಾದಲ್ಲಿ ಹದಿಮೂರು ವರ್ಷ ಆಯಿಶಾ ಎಂದೂ ಮಲಬಾರಿ ಎಂದೂ ಕರೆಸಿಕೊಂಡವಳಿಗೆ ಈ ಕತೆಯನ್ನು ಇನ್ನೊಬ್ಬರು ಅರ್ಥ ಹೇಳಿ ತಿಳಿಸಬೇಕೇ. ಆವತ್ತು ಅವಳಿಗೆ ಊಟ ಸೇರಲಿಲ್ಲ. ಮಿರ್ರಾ ಉತ್ತರದ ಯಾವುದೋ ದೊಡ್ಡ ಮನೆತನದವಳು ಎಂದು ಪುಸ್ತಕಗಳು ಹೇಳುತ್ತವೆ, ಪಡುಬಿದ್ರಿಗೂ ಅವಳಿಗೂ ಎತ್ತಣಿಂದೆತ್ತ. ಆಶಾಲತಾಳ ವಾದ ಬೇರೆ. ಉತ್ತರದಿಂದ ಕೊಚ್ಚಿಗೆ ಹೋಗುವ ಹಡಗು ನಮ್ಮ ಕಡಲಿನ ಮುಂದಿನಿಂದಲೇ ಹೋಗಬೇಕಲ್ಲ, ಹುಡುಗಿ ಕಾಪು ಪಡುಬಿದ್ರಿಯ ತೆಂಗಿನ ಸಾಲನ್ನು ನೋಡಿಯೇ ಹೋಗಿರಬೇಕು. ಕಂಪ್ಯೂಟರಿನ ನಕ್ಷೆ ಲಾ ಕೊಂಪಾನಿಯಾದ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ಬಿಡುವುದಿಲ್ಲ. ಏಳು ವರ್ಷದಿಂದ ಅವಳು ಆ ಬಾಗಿಲಿಗೆ ಹೋಗಿ ನಿಂತು ವಾಪಸು ಬರುತ್ತಿದ್ದಾಳೆ. ಒಂದು ಸಲ ಒಳಗೆ ಹೋಗಬೇಕು ಎಂಬುದು ಅವಳ ಬಾಳಿನ ಒಂದೇ ಒಂದು ದುಬಾರಿ ಆಸೆ. ಪುಯೆಬ್ಲಾದ ಫೈಲಿಗೆ ಅವಳು ಮೂರು ಸಾಲು ಸೇರಿಸಿದಳು: ಹೆಸರು ಚೀನಾ ಎಂದಿದ್ದರೂ ಈಕೆ ಹಿಂದೂಸ್ಥಾನದ ಪಡುಕಡಲಿನಿಂದ ಬಂದವಳು, ತಪ್ಪದೆ ನೋಡಿ.

ಈಗ ಅಶ್ಮಿತಾಳ ವಿಚಾರ. ಸುರತ್ಕಲ್ಲಿನ ಹುಡುಗಿ, ಇಪ್ಪತ್ತೇಳು ವಯಸ್ಸು, ಒಳ್ಳೆಯ ಇಂಗ್ಲಿಷು, ಒಳ್ಳೆಯ ನಗು. ಎರಡನೆಯ ದಿನಕ್ಕೇ ಆಶಾಲತಾಳನ್ನು ಆಶಕ್ಕ ಎಂದು ಕರೆದಳು. ಮ್ಯಾನೇಜರ್ ಶ್ಯಾಮಸುಂದರ್ ಮೈಸೂರಿನವರು, ತುಳು ಬಾರದು, ಹಾಗಾಗಿ ಆಫೀಸಿನಲ್ಲಿ ಮಾತು ಕನ್ನಡದಲ್ಲಿ. ಅಶ್ಮಿತಾ ದಿನಕ್ಕೆ ಇಪ್ಪತ್ತು ಸಲ ಆಶಕ್ಕ ಇದು ಎಂತ, ಆಶಕ್ಕ ಅದು ಎಲ್ಲಿ ಎಂದು ಕೇಳುತ್ತಿದ್ದಳು. ಬಾಯಲ್ಲಿ ಬೈದುಕೊಂಡರೂ ಆಶಾಲತಾಳಿಗೆ ಅದು ಹಿತವಾಗಿತ್ತು. ಕೇಳುವವರು ಇದ್ದರೆ ತಾನೇ ಗೊತ್ತಿದ್ದವರಿಗೆ ಬೆಲೆ.

ಸೆಪ್ಟೆಂಬರಿನ ಮೊದಲ ವಾರ ಮೆಕ್ಸಿಕೋದ ಒಂದು ಟೂರ್ ಕಂಪನಿಯಿಂದ ಪತ್ರ ಬಂತು. ಏಜೆಂಟರಿಗೆ ಊರು ಪರಿಚಯಿಸುವ ಪುಕ್ಕಟೆ ಪ್ರವಾಸ, ಆಫೀಸಿಗೆ ಒಂದೇ ಸೀಟು, ಪುಯೆಬ್ಲಾದಲ್ಲಿ ನಾಲ್ಕು ದಿನ, ಹೊರಡಲು ಹತ್ತೇ ದಿನ. ಪತ್ರ ಓದುವಾಗ ಆಶಾಲತಾಳ ಕೈ ಟೈಲಿನ ಮೇಲಿತ್ತು. ಹತ್ತು ದಿನದಲ್ಲಿ ಮೆಕ್ಸಿಕೋ ವೀಸಾ ಆಗುವುದಿಲ್ಲ ಎಂದು ಮೂವತ್ತು ದೇಶದ ಫೈಲ್ ಮಾಡಿದವಳಿಗೆ ಗೊತ್ತಿಲ್ಲದೆ ಇಲ್ಲ. ಅಮೆರಿಕದ ವೀಸಾ ಇದ್ದವರಿಗೆ ಅದು ಬೇಡ ಎಂಬುದೂ ಗೊತ್ತು. ಅಶ್ಮಿತಾಳಲ್ಲಿ ಅಮೆರಿಕದ ವೀಸಾ ಇತ್ತು, ಹಿಂದಿನ ಆಫೀಸಿನವರು ಯಾವುದೋ ಮೇಳಕ್ಕೆಂದು ಮಾಡಿಸಿದ್ದು. ಆ ಮೇಳಕ್ಕೂ ಅವಳು ಹೋಗಿರಲಿಲ್ಲವಂತೆ, ಜ್ವರ ಬಂದಿತ್ತಂತೆ.

ಶ್ಯಾಮಸುಂದರ್ ಕೆಟ್ಟ ಮನುಷ್ಯರಲ್ಲ. ಸಮಾಧಾನ ಹೇಳೋಣವೆಂದೇ ಆಶಾಲತಾಳ ಮೇಜಿನ ಹತ್ತಿರ ಬಂದರು.

"ನಿಮಗೆ ಹೋಗೋ ಅವಶ್ಯಕತೆನೇ ಇಲ್ಲ ಬಿಡಿ ಆಶಾಲತಾ ಅವರೇ. ಎಲ್ಲಾ ನಿಮ್ಮ ತಲೇಲೇ ಇದೆಯಲ್ಲ."

ಇಂಥ ಸಮಾಧಾನ ಹೇಳುವವರ ಬಾಯಿಗೆ ಏನು ಹಾಕಬೇಕೋ. ಆಶಾಲತಾ ನಕ್ಕಳು, ಹೌದು ಸಾರ್ ಎಂದಳು, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಹತ್ತು ನಿಮಿಷ ನಿಂತಳು. ಹೊಟ್ಟೆಯೊಳಗೆ ನಿಜವಾಗಿಯೂ ಬೆಂಕಿ ಬಿದ್ದಂತಿತ್ತು. ಆ ಹುಡುಗಿಗೆ ಪುಯೆಬ್ಲಾ ಒಂದು ಊರೋ ಒಂದು ಪಲ್ಯವೋ ಗೊತ್ತಿಲ್ಲ. ಏಳು ವರ್ಷದಿಂದ ಬಾಗಿಲಲ್ಲಿ ನಿಂತವಳು ಇಲ್ಲಿ, ಒಳಗೆ ಹೋಗುವವಳು ಟೈಲಿನ ಮೇಲೆ ಚಾ ಇಡುವವಳು. ಇದು ಯಾವ ನ್ಯಾಯ ಎಂದು ಕನ್ನಡಿಯಲ್ಲಿ ತನ್ನನ್ನೇ ಕೇಳಿದಳು. ಕನ್ನಡಿಯಲ್ಲಿದ್ದವಳ ಮುಖ ನೋಡಲು ಚೆನ್ನಾಗಿರಲಿಲ್ಲ.

ಮುಂದಿನ ಒಂಬತ್ತು ದಿನ ಅಶ್ಮಿತಾಳ ಪ್ರಶ್ನೆಗಳದ್ದೇ ಸುರಿಮಳೆ. ಚಳಿ ಉಂಟಾ ಆಶಕ್ಕ, ಕೊಡೆ ಬೇಕಾ ಆಶಕ್ಕ, ಮೋಲೆ ಎಂದರೆ ಎಂತ ಆಶಕ್ಕ. ಮೋಲೆ ಎಂದರೆ ಒಣಮೆಣಸು, ಎಳ್ಳು, ಚಾಕಲೇಟು ಅರೆದು ಕೋಳಿಗೆ ಹಾಕುವ ಸಾರು, ಕನ್ಯಾಮಠದ ಸಿಸ್ಟರುಗಳು ಮೊದಲು ಮಾಡಿದರಂತೆ ಎಂದು ಆಶಾಲತಾ ಹಲ್ಲು ಕಚ್ಚಿ ಹೇಳಿದಳು. ಕೋಳಿಗೆ ಚಾಕಲೇಟಾ ಎಂದು ಅಶ್ಮಿತಾ ಮುಖ ಕಿವುಚಿದಳು. ಈ ಮುಖ ಹೊತ್ತುಕೊಂಡು ಇವಳು ಅಲ್ಲಿಗೆ ಹೋಗುತ್ತಾಳೆ ಎಂದು ಆಶಾಲತಾಳಿಗೆ ಅಳು ಬಂತು.

ಮನೆಯಲ್ಲಿಯೂ ನೆಮ್ಮದಿ ಇಲ್ಲ. ಸಾಲ್ಮಿಯಾದಲ್ಲಿ ಅವಳ ಜೊತೆ ರೂಮಿನಲ್ಲಿರುವವಳು ಸಿಸಿಲಿಯಾ, ಶಿರ್ವದ ಕ್ರಿಸ್ತಿಯನ್ ಹೆಂಗಸು, ಮಿರ್ಕಾಬಿನಲ್ಲೇ ಒಬ್ಬ ದಂತವೈದ್ಯರಲ್ಲಿ ರಿಸೆಪ್ಷನ್ ಕೆಲಸ. ಮಿರ್ರಾಳ ಕತೆಯನ್ನು ಆಶಾಲತಾ ಅವಳಿಗೆ ಎಷ್ಟು ಸಲ ಹೇಳಿದ್ದಳೆಂದರೆ ಸಿಸಿಲಿಯಾಳಿಗೂ ಅದು ಬಾಯಿಪಾಠ. ಸಂತಳೋ ಅಲ್ಲವೋ ಅದು ಪಾದ್ರಿಗಳ ಜಗಳ, ನಮ್ಮ ಕಡೆಯ ಹುಡುಗಿ ಪರದೇಶದಲ್ಲಿ ಮಲಗಿದ್ದಾಳೆ, ಅಶ್ಮಿತಾ ಹೋಗುವುದಾದರೆ ನನ್ನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಲಿ ಎಂದು ಸಿಸಿಲಿಯಾ ಹೇಳಿಕಳಿಸಿದಳು. ಹೇಳಿದ್ದೇನೆ ಎಂದಳು ಆಶಾಲತಾ. ಹೇಳಿರಲಿಲ್ಲ.

ಹೇಳದಿದ್ದದ್ದು ಮಾತ್ರವಲ್ಲ. ಹೊರಡುವ ಹಿಂದಿನ ಮಧ್ಯಾಹ್ನ ಅಶ್ಮಿತಾಳಿಗೆಂದು ಫೈಲಿನ ಬೇರೆ ಪ್ರತಿ ಮಾಡಿ, ಅವಳದೇ ಹೆಸರಿಟ್ಟು, ಪ್ರಿಂಟ್ ಕೊಡುವ ಮುಂಚೆ ಆ ಮೂರು ಸಾಲಿನ ಮೇಲೆ ಮೌಸ್ ಎಳೆದಳು. ಸಾಲುಗಳು ನೀಲಿಯಾದವು. ಬೆರಳು ಸ್ವಲ್ಪ ಹೊತ್ತು ಡಿಲೀಟ್ ಕೀ ಮೇಲೆ ನಿಂತಿತು, ಆಮೇಲೆ ಒತ್ತಿತು. ಉಳಿದದ್ದು ಇಷ್ಟು: ಲಾ ಕೊಂಪಾನಿಯಾ ಇಗರ್ಜಿ, ಚೀನಾ ಪೊಬ್ಲಾನಾ ಸಮಾಧಿ. ಅದರ ಮುಂದೆ ಅವಳು ಒಂದು ಮಾತು ಸೇರಿಸಿದಳು, ಸಮಯವಿದ್ದರೆ. ಟ್ರಾವೆಲ್ ಆಫೀಸಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಸಮಯವಿದ್ದರೆ ಎಂದು ಬರೆದ ಜಾಗಕ್ಕೆ ಈವರೆಗೆ ಯಾವ ಗಿರಾಕಿಯೂ ಹೋದದ್ದಿಲ್ಲ. ಸುಳ್ಳು ಬರೆಯಲಿಲ್ಲವಲ್ಲ ಎಂದು ಆಶಾಲತಾ ತನಗೇ ಹೇಳಿಕೊಂಡಳು. ಎಲ್ಲಾ ನೋಡಲಿ, ಅದೊಂದು ನನಗಿರಲಿ.

ಅಶ್ಮಿತಾ ಹೋದಳು. ಪುಯೆಬ್ಲಾದಲ್ಲಿ ರಾತ್ರಿಯಾದರೆ ಇಲ್ಲಿ ಬೆಳಗಾಗುತ್ತದೆ, ಹಾಗಾಗಿ ದಿನಾ ಆಫೀಸು ತೆರೆಯುವ ಹೊತ್ತಿಗೆ ವಾಟ್ಸಾಪ್ ಗ್ರೂಪಿಗೆ ಫೋಟೋಗಳು ಬಂದು ಬೀಳುತ್ತಿದ್ದವು. ಕೆತೆಡ್ರಲಿನ ಎರಡು ಗೋಪುರ. ಚಿನ್ನದ ಮಂದಿರ. ಪುಸ್ತಕಶಾಲೆ, ಮೂರು ಅಂತಸ್ತಿನ ಕಪಾಟು, ಅದರ ಮುಂದೆ ಅಶ್ಮಿತಾಳ ಹಲ್ಲು. ಹೊಗೆಯಾಡುವ ಪೋಪೋ. ಶ್ಯಾಮಸುಂದರ್ ಒಂದೊಂದನ್ನೂ ತೋರಿಸಿ ಇದೇನಿದು ಎಂದು ಕೇಳುತ್ತಿದ್ದರು, ಆಶಾಲತಾ ಅರೆನೋಟದಲ್ಲೇ ಹೆಸರು ಹೇಳುತ್ತಿದ್ದಳು. ಮನಸ್ಸಿನೊಳಗೆ ತಪ್ಪು ಹುಡುಕುವುದೂ ನಡೆದಿತ್ತು. ಈ ಗುಮ್ಮಟವನ್ನು ಯಾರಾದರೂ ಮಧ್ಯಾಹ್ನದ ಬಿಸಿಲಲ್ಲಿ ತೆಗೆಯುತ್ತಾರಾ. ಮೋಲೆಯನ್ನು ನೋಡು, ತಟ್ಟೆಯ ಅಂಚಿಗೆ ತಳ್ಳಿಟ್ಟಿದ್ದಾಳೆ. ಕಪ್ಪೆಗಳ ಓಣಿಯ ಫೋಟೋದಲ್ಲಿ ಆ ಅಂಗಡಿ ಇತ್ತು, ನಾಯಿ ಇರಲಿಲ್ಲ. ಏಳು ವರ್ಷ ಆಯಿತಲ್ಲ, ಸತ್ತಿರಬಹುದು. ಅದನ್ನು ಯೋಚಿಸಿ ಅವಳಿಗೆ ಬೇಜಾರಾಯಿತು, ಆ ಬೇಜಾರನ್ನೂ ಅಶ್ಮಿತಾಳ ಲೆಕ್ಕಕ್ಕೇ ಹಾಕಿದಳು.

ನಾಲ್ಕು ದಿನವೂ ಆಶಾಲತಾ ಹುಡುಕಿದ್ದು ಒಂದೇ ಬಾಗಿಲನ್ನು. ಗ್ರೂಪಿನಲ್ಲಿ ಲಾ ಕೊಂಪಾನಿಯಾದ ಒಂದು ಫೋಟೋವೂ ಬರಲಿಲ್ಲ. ಕೊನೆಯ ದಿನದ ಫೋಟೋಗಳನ್ನು ನೋಡಿ ಮುಗಿಸಿದಾಗ ಅವಳಿಗೆ ಹಬ್ಬದೂಟ ಉಂಡಷ್ಟು ಸುಖವಾಯಿತು. ಆ ಸುಖ ಬಂದ ಮರುಕ್ಷಣ ನಾಚಿಕೆಯೂ ಆಯಿತು ಎಂದು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಆಶಾಲತಾ ಅಷ್ಟೊಂದು ಕೆಟ್ಟವಳಲ್ಲ. ನಾಚಿಕೆ ಬಂದು ಹೋಯಿತು, ಸುಖ ಉಳಿಯಿತು.

ಮುಂದಿನ ಗುರುವಾರ ಅಶ್ಮಿತಾ ಆಫೀಸಿಗೆ ಬಂದಳು. ಎಲ್ಲರಿಗೂ ಬಣ್ಣದ ಕಾಗದದಲ್ಲಿ ಸುತ್ತಿದ ಗೆಣಸಿನ ಮಿಠಾಯಿ, ಆಶಕ್ಕನಿಗೆ ಮಾತ್ರ ಬೇರೆ ಒಂದು ಪೊಟ್ಟಣ. ಬಿಚ್ಚಿದರೆ ಗೊಂಬೆ. ಬಿಳಿ ರವಿಕೆ, ಮಿಂಚಿನ ಕೆಂಪು ಹಸಿರು ಲಂಗ, ಎರಡು ಜಡೆ. ಅದಕ್ಕೆ ಚೀನಾ ಎಂದು ಕರೆಯುತ್ತಾರೆ, ಯಾಕೋ ಗೊತ್ತಿಲ್ಲ, ನೋಡಿದರೆ ಮಾತ್ರ ನಮ್ಮ ಊರಿನ ಹುಡುಗಿಯ ಮುಖ ಉಂಟು, ಅದಕ್ಕೇ ನಿಮಗೆ ತಂದೆ ಎಂದಳು ಅಶ್ಮಿತಾ. ಆಶಾಲತಾ ಗೊಂಬೆಯನ್ನು ಹಿಡಿದುಕೊಂಡು ಚಂದ ಉಂಟು ಎಂದಳು. ಆಗಲೇ ಹೇಳಿಬಿಡಬಹುದಿತ್ತು. ಮಧ್ಯಾಹ್ನ ಹೇಳೋಣವೆಂದುಕೊಂಡಳು, ಮಧ್ಯಾಹ್ನ ಗಿರಾಕಿ ಬಂದರು, ಆಮೇಲೆ ಸಂಜೆ ಎಂದುಕೊಂಡಳು.

ಸಂಜೆ ಐದಕ್ಕೆ ಸಿಸಿಲಿಯಾ ಬಂದಳು. ಗುರುವಾರ ಇಬ್ಬರೂ ಒಟ್ಟಿಗೆ ಬಸ್ಸು ಹಿಡಿಯುವುದು ರೂಢಿ, ಸಾಮಾನ್ಯವಾಗಿ ಕೆಳಗೆ ಕಾಯುತ್ತಾಳೆ. ಆವತ್ತು ಹೊರಗೆ ದೂಳು ಎದ್ದಿತ್ತು, ಮೇಲೆಯೇ ಹತ್ತಿ ಬಂದಳು. ಅಶ್ಮಿತಾಳನ್ನು ಕಂಡದ್ದೇ ಮುಖ ಅರಳಿಸಿ, ನನ್ನ ಕ್ಯಾಂಡಲ್ ಹಚ್ಚಿದಿರಾ ಎಂದು ಕೇಳಿದಳು.

ಯಾವ ಕ್ಯಾಂಡಲ್ ಎಂದಳು ಅಶ್ಮಿತಾ.

ಸಿಸಿಲಿಯಾಳಿಗೆ ಸುಮ್ಮನಿರುವುದು ತಿಳಿಯದು. ನಮ್ಮ ಕಡೆಯ ಆ ಹುಡುಗಿಯ ಸಮಾಧಿಯ ಹತ್ತಿರ, ಲಾ ಕೊಂಪಾನಿಯಾದಲ್ಲಿ, ಆಶಾ ಹೇಳಿದ್ದಾಳಲ್ಲ ಎಂದು ಶುರುಮಾಡಿ ಕೊಚ್ಚಿಯಿಂದ ಮನಿಲಾ, ಮನಿಲಾದಿಂದ ಮೆಕ್ಸಿಕೋ ಎಂದು ಒಂದು ಹಡಗನ್ನೂ ತಪ್ಪಿಸದೆ ಕತೆ ಪೂರ್ತಿ ಹೇಳಿದಳು. ಚೀನಾ ಎಂದು ಯಾಕೆ ಕರೆದರು ಎಂಬುದನ್ನೂ ಹೇಳಿದಳು. ಅಶ್ಮಿತಾ ಕೇಳುತ್ತಾ ಕೇಳುತ್ತಾ ಆಶಾಲತಾಳ ಕಡೆ ತಿರುಗಿದಳು. ಆಶಾಲತಾ ಕಂಪ್ಯೂಟರ್ ಆರಿಸುವ ನೆವದಲ್ಲಿ ತಲೆ ಬಗ್ಗಿಸಿದ್ದಳು. ಅಶ್ಮಿತಾ ಮೊಬೈಲ್ ತೆಗೆದು, ಗ್ರೂಪಿಗೆ ಹಾಕದ ಫೋಟೋಗಳನ್ನು ಬೆರಳಿನಿಂದ ಸರಿಸುತ್ತಾ ಹೋದಳು. ಒಂದರಲ್ಲಿ ನಿಂತಳು, ಮೊಬೈಲನ್ನು ತಂದು ಟೈಲಿನ ಪಕ್ಕ ಇಟ್ಟಳು.

ಮೂರನೆಯ ದಿನ ದೊಡ್ಡ ಮಳೆ ಬಂದಿತ್ತಂತೆ. ಕೊಡೆ ಹೋಟೆಲಿನಲ್ಲಿತ್ತು, ಎದುರಿಗೆ ಕಂಡ ಇಗರ್ಜಿಯೊಳಗೆ ಓಡಿದಳಂತೆ. ಗುಂಪಿನಲ್ಲಿದ್ದ ಬೇರೆಯವರೆಲ್ಲ ಯಾವ ಯಾವುದೋ ದೇಶದವರು, ಒಬ್ಬರೂ ಇವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಒಳಗೆ ಒಂದು ಬದಿಯಲ್ಲಿ ಅರ್ಧ ಗಂಟೆ ಒಬ್ಬಳೇ ಕೂತು, ಯಾಕಾದರೂ ಬಂದೆನೋ, ಇಲ್ಲಿ ನಮ್ಮವರು ಎಂದು ಒಂದು ನರಪಿಳ್ಳೆಯಿಲ್ಲ ಎಂದು ಕಣ್ಣೀರು ಹಾಕಿದಳಂತೆ. ಆ ಇಗರ್ಜಿಯ ಹೆಸರು ಲಾ ಕೊಂಪಾನಿಯಾ. ಫೋಟೋದಲ್ಲಿ ಅವಳ ಒದ್ದೆ ತಲೆ, ಕೆಂಪಾದ ಕಣ್ಣು, ಹಿಂದಿನ ಗೋಡೆಯಲ್ಲಿ ಬರಹದ ಒಂದು ಹಲಗೆ. ಹಲಗೆಯ ಮುಂದಿನ ಕಟ್ಟೆಯ ಮೇಲೆ ಆಫೀಸಿನ ಹಳದಿ ಬ್ಯಾಗ್ ಕೂತಿತ್ತು. ಅದು ಬರಹವನ್ನೆಲ್ಲ ಮುಚ್ಚಿ, ಕೊನೆಯ ಅಕ್ಷರಗಳನ್ನು ಮಾತ್ರ ಬಿಟ್ಟಿತ್ತು: ಬ್ಲಾನಾ.

ಆಶಾಲತಾ ಎರಡು ಬೆರಳಿನಿಂದ ಫೋಟೋವನ್ನು ಹಿಗ್ಗಿಸಿದಳು. ಹಿಗ್ಗಿಸಿದಷ್ಟೂ ಬ್ಯಾಗೇ ದೊಡ್ಡದಾಯಿತು. ಏಳು ವರ್ಷ ಬಾಗಿಲಲ್ಲಿ ಕಾದವಳಿಗೆ ಒಳಗಿನ ನೋಟ ಇಷ್ಟೇ ಸಿಕ್ಕಿತು. ಆ ಮೂರು ಸಾಲು ಇದ್ದಿದ್ದರೆ ಹುಡುಗಿ ಬ್ಯಾಗು ಸರಿಸಿ, ಮೇಣದಬತ್ತಿ ಹಚ್ಚಿ, ನೂರು ಫೋಟೋ ತೆಗೆದು, ಅಲ್ಲಿಂದಲೇ ವೀಡಿಯೋ ಕರೆ ಮಾಡಿ ಆಶಕ್ಕನನ್ನು ಒಳಗೆಲ್ಲ ಸುತ್ತಿಸುತ್ತಿದ್ದಳು. ಅಂಥ ಹುಡುಗಿಯೇ ಅವಳು. ಅದು ಆಶಾಲತಾಳಿಗೆ ಈಗ ಗೊತ್ತಾಯಿತು.

ಅಷ್ಟರಲ್ಲಿ ಅಶ್ಮಿತಾ ತನ್ನ ಜಾಗಕ್ಕೆ ಹೋಗಿ, ಎಲ್ಲರಿಗೂ ಕಾಣುವ ಫೋಲ್ಡರಿನಿಂದ ಪುಯೆಬ್ಲಾದ ಹಳೆಯ ಫೈಲನ್ನು ತೆರೆದಿದ್ದಳು. ಅದರ ಪಕ್ಕದಲ್ಲಿ ತನ್ನ ಹೆಸರಿನ ಪ್ರತಿ. ಒಂದರಲ್ಲಿ ಇದ್ದ ಮೂರು ಸಾಲು ಇನ್ನೊಂದರಲ್ಲಿ ಇರಲಿಲ್ಲ.

"ಆಶಕ್ಕ, ಟಾಕೋ ಅರಬ್ ಅರಬ್ಬರದ್ದಲ್ಲ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಬರ್ದಿದ್ದೀರಿ. ಚೀನಾ ಅಂದ್ರೆ ಚೀನಾ ಅಲ್ಲ ಅಂತ ಇದ್ದದ್ದನ್ನು ಯಾಕೆ ಅಳಿಸಿದ್ದು?"

ಸಿಸಿಲಿಯಾ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದಳು. ಆಶಾಲತಾಳಿಗೆ ನೆವ ಬೇಕಿದ್ದರೆ ಹತ್ತು ಸಿಗುತ್ತಿತ್ತು. ಪ್ರಿಂಟರ್ ಸರಿ ಇರಲಿಲ್ಲ ಎನ್ನಬಹುದಿತ್ತು, ಪುಟ ಹೆಚ್ಚಾಗಿತ್ತು ಎನ್ನಬಹುದಿತ್ತು.

"ಹೊಟ್ಟೆಕಿಚ್ಚು ಮಾರಾಯ್ತಿ. ನೀನು ಹೋದದ್ದು ನಂಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ."

ಅಶ್ಮಿತಾ ಸಿಟ್ಟಾಗಿದ್ದರೆ, ಎರಡು ಮಾತು ಬೈದಿದ್ದರೆ ಆಶಾಲತಾಳಿಗೆ ಹಗುರವಾಗುತ್ತಿತ್ತು. ಹುಡುಗಿ ಬೈಯಲಿಲ್ಲ. ಪರದೆಯ ಕಡೆಗೇ ನೋಡುತ್ತಾ ಒಂದು ಪ್ರಶ್ನೆ ಕೇಳಿದಳು.

"ಬೇರೆ ಎಂತೆಲ್ಲ ಬಿಟ್ಟಿದ್ದೀರಿ?"

"ಅದೊಂದೇ. ದೇವರಾಣೆ, ಅದೊಂದೇ."

ಅದು ನಿಜ. ಉಳಿದ ಹನ್ನೊಂದು ಪುಟದಲ್ಲಿ ಅವಳು ಒಂದು ಅಕ್ಷರವನ್ನೂ ಮುಟ್ಟಿರಲಿಲ್ಲ. ಅಶ್ಮಿತಾ ಆಯ್ತು ಎಂದಳು. ಆಮೇಲೆ ಎರಡೂ ಫೈಲುಗಳನ್ನು ಮೊದಲ ಪುಟಕ್ಕೆ ತಂದು, ಒಂದರ ಮೇಲೆ ಬೆರಳಿಟ್ಟು, ಇನ್ನೊಂದರ ಜೊತೆ ಸಾಲು ಸಾಲಾಗಿ ತಾಳೆ ನೋಡಲು ಕೂತಳು. ಬಸ್ಸಿನ ಹೊತ್ತಾಯಿತೆಂದು ಸಿಸಿಲಿಯಾ ಆಶಾಲತಾಳ ತೋಳು ಮುಟ್ಟಿದಳು. ಆಶಾಲತಾ ಚೀಲ ಹೆಗಲಿಗೆ ಹಾಕಿಕೊಂಡವಳು ಹಾಗೆಯೇ ನಿಂತಿದ್ದಳು. ಆಶಕ್ಕ ಇದು ಎಂತ ಎಂದು ಹುಡುಗಿ ಒಂದು ಸಲವಾದರೂ ಕೇಳಬಹುದು ಎಂದು ಕಾದಳು. ಅಶ್ಮಿತಾ ಎರಡನೆಯ ಪುಟ ತಿರುಗಿಸಿದಳು, ಗೊತ್ತಾಗದ ಒಂದು ಹೆಸರನ್ನು ತಾನೇ ಕಂಪ್ಯೂಟರಿನಲ್ಲಿ ಹುಡುಕಿ ನೋಡಿದಳು, ಮುಂದೆ ಹೋದಳು.